ಚೀಟಿಯ ಕೆಳಗಿನ ಮುಖ

ಸುತ್ತಲೂ ತಿರುಗಿಸಿ ಒರೆಸಬಾರದಂತೆ. ನಡುವಿನ ತೂತಿನಿಂದ ಅಂಚಿನ ಕಡೆಗೆ, ನೆಟ್ಟಗೆ, ಒಂದೇ ಎಳೆತ. ಎತ್ತಿ, ಮತ್ತೆ ನಡುವಿನಿಂದ. ಫೋನಿನ ವಿಡಿಯೋದಲ್ಲಿ ಎರಡು ಕೈಗಳು ಮಾತ್ರ ಕಾಣುತ್ತಿದ್ದವು. ಆ ಕೈಗಳ ಯಜಮಾನ ಮೂಗು ಕಟ್ಟಿದವನ ದನಿಯಲ್ಲಿ ಇದನ್ನೇ ತಿರುಗಿ ತಿರುಗಿ ಹೇಳಿದ. ಅಷ್ಟು ತಿಳಿದರೆ ಸಾಕೆಂದು, ನೋಡುತ್ತಿದ್ದ ಅವನು ವಿಡಿಯೋ ನಿಲ್ಲಿಸಿ, ಕನ್ನಡಕದ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಊಟದ ಮೇಜಿನ ಮೇಲೆ ಹಾಸಿದ ಟವೆಲ್ಲಿನಲ್ಲಿ ಮಕಾಡೆ ಮಲಗಿದ್ದ ಗೇಮಿನ ಡಿಸ್ಕಿಗೆ ಮೊದಲ ಗೆರೆ ಎಳೆದ.

ಧೂಳು ಹೋಯಿತು. ಗೀರು ಇನ್ನೂ ಚೆನ್ನಾಗಿ ಕಂಡಿತು.

ಉಗುರಿನ ತುದಿಗೆ ತಾಗುವಷ್ಟು ಆಳದ ಗೀರು, ಸ್ವಲ್ಪ ಬಾಗಿ, ಯಾರೋ ಮುನಿಸಿಕೊಂಡು ಎಳೆದ ಹಾಗಿತ್ತು. ಹೆಂಡತಿ ಇದನ್ನು ಹಳೇ ಸಾಮಾನಿನ ಅಂಗಡಿಯಿಂದ ತಂದಾಗಲೇ ಇದ್ದದ್ದು. ಈ ಗೀರಿನ ಮಟ್ಟಿಗಾದರೂ ತನ್ನ ತಪ್ಪೇನಿಲ್ಲ ಎಂಬುದು ಅವನಿಗೆ ಬೆಳಿಗ್ಗೆಯಿಂದ ಆಗಾಗ ನೆನಪಾಗುತ್ತಿತ್ತು. ಯಾರೂ ಅವನನ್ನು ಕೇಳಿರಲಿಲ್ಲ.

ಬೆಳಿಗ್ಗೆ ಅವಳ ಫೋನು ಬಂದಿತ್ತು.

"ಸಂಜೆ ಬರ್ತೀನಿ. ಅಕ್ಕನೂ ಬರ್ತಾಳೆ."

"ಬಾ."

"ಹೊಲಿಗೆ ಮಷೀನು, ಚಳಿ ಬಟ್ಟೆ, ಗೇಮಿನ ಪೆಟ್ಟಿಗೆ. ಅಷ್ಟೇ. ಉಳಿದಿದ್ದು ಅಲ್ಲೇ ಇರ್ಲಿ."

"ಎಲ್ಲಾ ತಗೊಂಡು ಹೋಗ್ತಿದೀಯ ಅನ್ನು."

"ಅಷ್ಟೇ ಅಂದ್ನಲ್ಲ. ಹಾಂ, ಆ ಡಿಸ್ಕೂ ಇಟ್ಟಿರಿ. ಗೀರು ಬಿದ್ದಿದೆಯಲ್ಲ, ಅದು."

"ಅದು ಓಡಲ್ವಲ್ಲ?"

"ಸೇತುವೆ ತನಕ ಓಡುತ್ತೆ. ನಂಗೆ ಅಷ್ಟು ಸಾಕು."

ಫೋನು ಇಟ್ಟ ಮೇಲೆ ಅವನು ಅಡಿಗೆಮನೆಯ ಕಿಟಕಿಯ ಬಳಿ ಸುಮ್ಮನೆ ನಿಂತ. ಅವಳು ಒಂದು ಸಲವೂ 'ರೀ' ಅನ್ನಲಿಲ್ಲ. ಮದುವೆಯಾದಾಗಿನಿಂದ ಮಾತಿನ ಹಿಂದೆಯೋ ಮುಂದೆಯೋ ಸಿಕ್ಕಿಕೊಂಡು ಬರುತ್ತಿದ್ದ ಆ ಒಂದಕ್ಷರ ಯಾವತ್ತು ಕಳಚಿ ಬಿತ್ತೋ, ಅವನ ಗಮನಕ್ಕೆ ಬಂದಿರಲಿಲ್ಲ. ಇನ್ನೊಂದು ಸಂಗತಿ ತಲೆಯೊಳಗೆ ಹುಳ ಬಿಟ್ಟಂತಾಯಿತು. ಯಾವ ಸೇತುವೆ?

ಲೈಬ್ರರಿಗೆ ಫೋನು ಮಾಡಿ ರಜೆ ಹೇಳಿದ. ಜ್ವರವೇ ಎಂದು ಕೇಳಿದರು. ಹೌದು ಎಂದ.

ಲೈಬ್ರರಿಯಲ್ಲಿ ಅವನಿಗೆ 'ಗೋಂದು' ಎಂದು ಹೆಸರು. ಎದುರಿಗೆ 'ಗೋಂದು ಸಾರ್'. ಬಂದ ಪುಸ್ತಕಕ್ಕೆ ನಂಬರು ಕೊಡುವುದು, ಬೆನ್ನಿಗೆ ಚೀಟಿ ಅಂಟಿಸುವುದು, ಹರಿದದ್ದನ್ನು ಕೂಡಿಸುವುದು ಅವನ ಕೆಲಸ. ಎರಡು ಎಂ.ಎ. ಮಾಡಿದ್ದು ಚೀಟಿ ಅಂಟಿಸುವುದಕ್ಕೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ನಕ್ಕರೆ ಸೇರುತ್ತಿರಲಿಲ್ಲ. ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಸ್ವಿಚ್ಚುಗಳಿಗೆ ಚೀಟಿ, ಔಷಧಿ ಡಬ್ಬಕ್ಕೆ ಚೀಟಿ, ಸಕ್ಕರೆ ಡಬ್ಬಿಯಲ್ಲಿ ಸಕ್ಕರೆ ಇದೆ ಎಂದು ಒಂದು ಚೀಟಿ. ಹೆಂಡತಿ ಮೊದಮೊದಲು ನಕ್ಕಳು. ಆಮೇಲೆ ಉಪ್ಪನ್ನು ಬೇಕೆಂದೇ ಸಕ್ಕರೆ ಡಬ್ಬಿಗೆ ತುಂಬಿದಳು. ಅವನು ಬೇಜಾರು ಮಾಡಿಕೊಳ್ಳದೆ ಚೀಟಿ ಬದಲಿಸಿದ.

ಗೀರು ತೆಗೆದುಕೊಡಿ ಎಂದು ಅವಳು ಕೇಳಿದ್ದಳು. "ಹರಿದ ಪುಸ್ತಕಾನೆಲ್ಲಾ ಹೊಸದು ಮಾಡಿಬಿಡ್ತೀರಲ್ರೀ, ಇದೊಂದನ್ನ ಸರಿಮಾಡಿ ಕೊಡಿ. ಒಂದೇ ಜಾಗದಲ್ಲಿ ನಿಂತುಹೋಗುತ್ತೆ."

"ನೋಡೋಣ" ಎಂದಿದ್ದ.

ಅದು ಅವನ ಮಾತು. ಸಿನಿಮಾಕ್ಕೆ ಹೋಗೋಣವೇ, ನೋಡೋಣ. ಡಾಕ್ಟರಿಗೆ ತೋರಿಸೋಣವೇ, ಮಗು ಯಾಕೆ ಆಗುತ್ತಿಲ್ಲ ಅಂತ? ನೋಡೋಣ. ಇಲ್ಲ ಎನ್ನುವ ಕಷ್ಟವಿಲ್ಲ, ಹೂಂ ಎನ್ನುವ ಜವಾಬ್ದಾರಿಯೂ ಇಲ್ಲ. ಹಾಗೆ ನೋಡುತ್ತ ನೋಡುತ್ತ ವರ್ಷಗಳು ಹೋದವು. ಹೋದ ತಿಂಗಳು ಅವಳು ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತು, "ಅಕ್ಕನ ಮನೇಲಿ ಸ್ವಲ್ಪ ದಿನ ಇದ್ದು ಬರ್ತೀನಿ" ಎಂದಾಗಲೂ ಬಾಯಿಗೆ ಬಂದದ್ದು ಅದೇ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜಗಳಕ್ಕೆ ಒಂದು ಕಾರಣ ಇರುತ್ತದೆ, ಕಾರಣಕ್ಕೆ ಒಂದು ಪರಿಹಾರ ಇರುತ್ತದೆ. ಹೋದ ವಾರ ಅವಳು ಅಕ್ಕನ ಮನೆಯಿಂದ ಫೋನು ಮಾಡಿ, ಬಹಳ ಮೆತ್ತಗೆ, "ನಾನು ಇಲ್ಲೇ ಇದ್ದುಬಿಡ್ತೀನಿ ಅನ್ಸುತ್ತೆ" ಎಂದಿದ್ದಳು.

ಈಗ ಅವನು ಹಾಕಿಕೊಂಡ ಲೆಕ್ಕ ಸರಳವಾಗಿತ್ತು. ಅದನ್ನು ಲೆಕ್ಕ ಎಂದು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ ಅಷ್ಟೆ. ಡಿಸ್ಕು ಸರಿಯಾದರೆ ಸೇತುವೆಯ ಆಚೆ ಏನಿದೆ ಎಂದು ನೋಡಲು ಅವಳು ಕೂರುತ್ತಾಳೆ. ಕೂತರೆ ಅವನೂ ಪಕ್ಕದಲ್ಲಿ ಕೂರಬಹುದು. ಅಕ್ಕನಿಗೆ ಕಾಫಿ ಮಾಡಿಕೊಡಬಹುದು. ಒಂದು ಸಂಜೆ ಕೂತವಳು ಇನ್ನೊಂದು ಸಂಜೆಯೂ ಕೂತಾಳು. ಅದರಾಚೆಗೆ ಅವನ ಯೋಚನೆ ಹೋಗುತ್ತಿರಲಿಲ್ಲ.

ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು. ಅದಾಯಿತು. ಇನ್ನು ಟೂತ್‌ಪೇಸ್ಟು ಹಚ್ಚಬೇಕಂತೆ. ಬಿಳಿಯದು, ಸಾದಾ. ಬಚ್ಚಲಿನಲ್ಲಿದ್ದದ್ದು ಹಸಿರು, ಗಾಜಿನ ಹಾಗೆ ಹೊಳೆಯುವಂಥದು; ಅದು ಆಗುವುದಿಲ್ಲವಂತೆ. ಅವನು ಒಂದು ಸಣ್ಣ ಬಟ್ಟಲು ಹಿಡಿದು ಕೆಳಗಿಳಿದ.

ಕೆಳಗಿನ ಮನೆಯಲ್ಲಿ ಓನರಮ್ಮ ಒಬ್ಬರೇ ಇದ್ದರು. ಬಾಗಿಲು ತೆರೆಯುವ ಮೊದಲೇ ಮಾತು ಶುರುಮಾಡುವ ಹೆಂಗಸು.

"ಏನ್ ಸಾರ್, ಇವತ್ತು ಆಫೀಸಿಲ್ವಾ?"

"ಸ್ವಲ್ಪ ಬಿಳಿ ಪೇಸ್ಟ್ ಇದ್ಯಾ? ಹಲ್ಲುಜ್ಜೋದು."

"ಹಲ್ಲು ನೋವಾ?"

"ಇಲ್ಲ... ಹೂಂ, ಸ್ವಲ್ಪ."

"ಬಟ್ಟಲೇ ತಂದಿದೀರಲ್ಲ! ಎಲ್ಲಾ ಹಲ್ಲೂ ನೋಯ್ತಿರಬೇಕು." ಒಳಗೆ ಹೋಗಿ ಟ್ಯೂಬು ತಂದು ಹಿಂಡತೊಡಗಿದರು. "ಮನೆಯವ್ರು ಯಾವಾಗ ಬರ್ತಾರೆ?"

"ಇವತ್ತು ಸಂಜೆ."

"ಅಬ್ಬ, ಸದ್ಯ! ಹಾಗಾದ್ರೆ ಅವರಕ್ಕನ ಬೆನ್ನು ನೋವು ವಾಸಿ ಆಯ್ತು ಅನ್ನಿ."

"ಮಂಡಿ ನೋವು."

"ಬೆನ್ನು ಅಂದಿದ್ರಿ?"

"ಮೊದ್ಲು ಬೆನ್ನೇ. ಆಮೇಲೆ ಮಂಡಿಗೆ ಇಳೀತು."

"ಪಾಪ, ಇಳಿಯುತ್ತೆ ಇಳಿಯುತ್ತೆ. ನಮ್ಮ ಯಜಮಾನ್ರಿಗೂ ಹಾಗೇ ಇಳಿದಿತ್ತು" ಎಂದು ಅವರು ನಿಟ್ಟುಸಿರು ಬಿಟ್ಟರು. ಸುಳ್ಳಿಗೂ ಅನುಭವಸ್ಥರೊಬ್ಬರ ಬೆಂಬಲ ಸಿಕ್ಕಿದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು, ಸ್ವಲ್ಪ ಧೈರ್ಯವೂ ಬಂತು. ಬಟ್ಟಲು ಹಿಡಿದು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಅವರು ಕೂಗಿ ಹೇಳಿದರು: "ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಸಾರ್!"

ಪೇಸ್ಟು ಹಚ್ಚಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಕೈಗೆ ಕೆಲಸ ಸಿಕ್ಕಿತೆಂದರೆ ಅವನ ಮುಖದ ಗಂಟು ತಾನಾಗಿ ಸಡಿಲವಾಗುತ್ತಿತ್ತು. ಡಿಸ್ಕಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಅವನ ಬೆರಳಿನ ಜೊತೆಗೇ ಜಾರುತ್ತಿದ್ದವು. ತೊಳೆದು, ಬೆಳಕಿಗೆ ಹಿಡಿದು, ಓರೆಯಾಗಿ ನೋಡಿದ. ಗೀರಿನ ಅಂಚು ಮೊಂಡಾಗಿತ್ತು. ಇನ್ನೊಂದು ಸಲ ಹಚ್ಚಿದ. ಮತ್ತೂ ಒಂದು ಸಲ. ತೋಳು ಸೋತು ಬಂತು. ಇಷ್ಟು ಶ್ರದ್ಧೆ ನನ್ನಲ್ಲಿ ಯಾವತ್ತಿನಿಂದ ಬಂತಪ್ಪ ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡದ್ದು ತಮಾಷೆಗೆ, ಆದರೆ ನಗು ಬರಲಿಲ್ಲ.

ಕೊನೆಗೆ ಉಗುರು ಹಾಯಿಸಿದರೆ ಎಲ್ಲೂ ತಡೆಯಲಿಲ್ಲ.

ಗೇಮಿನ ಪೆಟ್ಟಿಗೆ ಇದ್ದದ್ದು ಚಿಕ್ಕ ಕೋಣೆಯಲ್ಲಿ. ಅವಳು ಹೋದ ಮೇಲೆ ಅವನು ಅಲ್ಲಿಗೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿದ್ದಾಗಲೂ ಹೋದದ್ದು ಕಡಿಮೆ. ಹೊಲಿಗೆ ಮಷೀನಿನ ಮೇಲೆ ತೋಳಿಲ್ಲದ ಒಂದು ರವಿಕೆ ಅರ್ಧಕ್ಕೆ ನಿಂತಿತ್ತು. ಟೀವಿಯ ಎದುರಿಗೆ ನೆಲದ ಮೇಲೆ ಅವಳ ದಿಂಬು, ನಡುವೆ ತಗ್ಗು ಬಿದ್ದಿತ್ತು. ಅವನು ತಗ್ಗಿನಲ್ಲಿ ಕೂರದೆ ಪಕ್ಕಕ್ಕೆ ನೆಲದ ಮೇಲೆ ಕೂತ.

ಡಿಸ್ಕು ಒಳಗೆ ಹೋಯಿತು. ಪೆಟ್ಟಿಗೆ ಕಿರ್ ಎಂದು ಸದ್ದು ಮಾಡಿ, ಎರಡು ಸಲ ಕೆಮ್ಮಿ, ಸುಮ್ಮನಾಯಿತು. ಆಮೇಲೆ ಸಂಗೀತ ಬಂತು.

ಆ ಸಂಗೀತ ಅವನಿಗೆ ಗೊತ್ತಿತ್ತು. ಎಷ್ಟೋ ಸಂಜೆ ಮುಚ್ಚಿದ ಬಾಗಿಲಿನ ಆಚೆಯಿಂದ ಕೇಳಿ, 'ಮತ್ತೆ ಶುರುವಾಯಿತಲ್ಲ' ಎಂದು ಮುಖ ಸಿಂಡರಿಸಿದ್ದ. ಬಾಗಿಲಿನ ಈಚೆ ಕೂತು ಕೇಳಿದರೆ ಅದರಲ್ಲಿ ಇನ್ನೊಂದು ಎಳೆ ಇತ್ತು, ಬಹಳ ಕೆಳದನಿಯದು. ಮರದ ಬಾಗಿಲು ಅದನ್ನು ಇಷ್ಟು ದಿನ ತಡೆದು ಇಟ್ಟುಕೊಂಡಿತ್ತು.

ಪರದೆಯ ಮೇಲೆ ಒಬ್ಬ ಹೆಂಗಸು ಬೆನ್ನು ಹಾಕಿ ನಿಂತಿದ್ದಳು. ಉದ್ದ ಕೋಟು, ಸೊಂಟದಲ್ಲಿ ದೊಡ್ಡ ಕೀಲಿಗೊಂಚಲು. ಎದುರಿಗೆ ಸಣ್ಣ ಕಲ್ಲಿನ ಸೇತುವೆ. ಸೇತುವೆಯ ಆಚೆ ಮಂಜು. ಅವನ ಹೆಂಡತಿ ಕೊನೆಯ ಸಲ ಬಿಟ್ಟುಹೋದ ಜಾಗ ಅದು, ಪೆಟ್ಟಿಗೆ ನೆನಪಿಟ್ಟುಕೊಂಡಿತ್ತು. ಕೀಲಿಯವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕಾಯುವುದನ್ನು ರೂಢಿ ಮಾಡಿಕೊಂಡವಳ ಹಾಗೆ ನಿಂತೇ ಇದ್ದಳು.

ಓಹೋ, ಇದು ಸೇತುವೆ.

ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಏನೋ ಅಮುಕಿದ. ಕೀಲಿಯವಳು ಹಿಂದಕ್ಕೆ ತಿರುಗಿದಳು. ಮುಖ ಕಾಣುತ್ತದೆ ಎಂದುಕೊಂಡ. ಆದರೆ ಅವಳು ತಿರುಗಿದ ಹಾಗೆಲ್ಲ ಇಡೀ ಬೀದಿಯೇ ಸುತ್ತಿಕೊಂಡು, ಮತ್ತೆ ಬೆನ್ನೇ ಎದುರಿಗೆ ಬಂತು. ಇನ್ನೊಂದು ಸಲ, ಬೇಗ. ಬೆನ್ನು. ಅವನಿಗೆ ಹಟ ಬಂತು. ಅವಳನ್ನು ಗಿರಗಿರನೆ ತಿರುಗಿಸಿದ. ಕೀಲಿಗಳು ಝಣಝಣ ಎಂದವು, ಕೋಟಿನ ಅಂಚು ಹಾರಿತು, ಕಿವಿಯ ತುದಿ ಒಂದಿಷ್ಟು ಕಂಡ ಹಾಗಾಯಿತು. ಮುಖ ಸಿಗಲಿಲ್ಲ. ಯಾರವಳು, ಎಷ್ಟು ವಯಸ್ಸು, ನೋಡಲು ಹೇಗಿದ್ದಾಳೆ? ಇಂಥ ಪ್ರಶ್ನೆ ಅವನ ಮನಸ್ಸಿಗೆ ಬಂದು ಎಷ್ಟು ಕಾಲವಾಗಿತ್ತೋ.

ಬಿಟ್ಟುಕೊಟ್ಟು, ಅವಳನ್ನು ಬೀದಿಯ ಕಡೆಗೆ ನಡೆಸಿದ. ಸಾಲಾಗಿ ಮನೆಗಳು, ಎಲ್ಲಕ್ಕೂ ಬೀಗ. ಮೊದಲ ಬಾಗಿಲಿನ ಮುಂದೆ ನಿಲ್ಲಿಸಿದಾಗ ಅವಳು ತಾನಾಗಿ ಒಂದು ಕೀಲಿ ಆರಿಸಿ ತೆರೆದಳು. ಒಳಗೆ ಒಲೆಯ ಪಕ್ಕ ಒಬ್ಬ ಮುದುಕ. ಅವನು ತಲೆಯೆತ್ತಿ, ಎರಡೂ ಕೈ ಮುಂದಕ್ಕೆ ಚಾಚಿ, ಬಾಯಿ ಆಡಿಸಿದ. ಪರದೆಯ ಕೆಳಗೆ ಒಂದು ಚೌಕದಲ್ಲಿ ಅಕ್ಷರಗಳು ಮೂಡಿದವು. ಯಾವುದೋ ದೂರದೇಶದ ಲಿಪಿ. ಆ ಲಿಪಿಯ ಪುಸ್ತಕ ಬಂದರೆ ಯಾವ ಕಪಾಟಿಗೆ ಹೋಗಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು; ಒಂದಕ್ಷರ ಓದಲು ಬರುತ್ತಿರಲಿಲ್ಲ. ಹೆಂಡತಿಗೂ ಬರುತ್ತಿರಲಿಲ್ಲ. ಹಾಗಾದರೆ ಇಷ್ಟು ದಿನ ಇದರಲ್ಲಿ ಅವಳಿಗೆ ಏನು ಸಿಗುತ್ತಿತ್ತು?

ಮುದುಕ ಕೈ ಚಾಚಿಕೊಂಡೇ ಇದ್ದ. ಆಗ ನೆನಪಾಯಿತು.

'ಅಯ್ಯೋ, ಕೈ ಎಷ್ಟು ತಣ್ಣಗಿದೆಯಲ್ಲ! ಬಾ, ಬೆಂಕಿ ಹತ್ರ ಕೂತ್ಕೊ.'

ಇದೇ ಕೋಣೆಯಿಂದ, ಇದೇ ಬಾಗಿಲಿನ ಆಚೆ ನಿಂತು ಕೇಳಿದ ಮಾತು. ಒಂದು ಸಂಜೆ ಎರಡು ಲೋಟ ಕಾಫಿ ಹಿಡಿದು ಬಂದವನು, ಬಾಗಿಲು ತಟ್ಟಬೇಕು ಎನ್ನುವಾಗ ಇದನ್ನು ಕೇಳಿ ಹಾಗೇ ನಿಂತುಬಿಟ್ಟಿದ್ದ. ಹೆಂಡತಿಯ ದನಿ ಅಷ್ಟು ಮೆತ್ತಗೆ ಇದ್ದದ್ದನ್ನು ಅವನು ಬಹಳ ದಿನದಿಂದ ಕೇಳಿರಲಿಲ್ಲ. ಫೋನಿನಲ್ಲಿ ಯಾರೊಡನೆಯೋ ಎಂದುಕೊಂಡ. ಯಾರೊಡನೆ? ಅಡಿಗೆಮನೆಗೆ ಹಿಂತಿರುಗಿ ಎರಡು ಲೋಟವನ್ನೂ ತಾನೇ ಕುಡಿದಿದ್ದ. ಅವಳನ್ನು ಕೇಳಲಿಲ್ಲ. ಕೇಳಿದರೆ ಅವಳು ಉತ್ತರ ಹೇಳಿಬಿಟ್ಟರೆ ಎಂಬ ಭಯ. ಆಮೇಲಿನ ಎಷ್ಟೋ ಸಂಜೆ ಆ ಕೋಣೆಯ ಮುಂದೆ ಸದ್ದು ಮಾಡದೆ ನಡೆದಾಡಿದ್ದ, ಕಿವಿ ನಿಮಿರಿಸಿಕೊಂಡು, ತನ್ನ ಮನೆಯಲ್ಲಿ ತಾನೇ ಕಳ್ಳನಾಗಿ.

ಅವನ ಸವತಿ ಈ ಮುದುಕ! ಒಲೆ ಕಾಯಿಸಿಕೊಂಡು ಕೂತ, ಗಡ್ಡ ಕೂಡ ಸರಿಯಾಗಿ ಬಿಡಿಸದ ಬೊಂಬೆ! ಅವನಿಗೆ ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು, ಖಾಲಿ ಮನೆಯಲ್ಲಿ ಒಬ್ಬನೇ ನಕ್ಕ. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳಬೇಕಾಯಿತು.

ಮುಂದಿನ ಮನೆಗಳಿಗೆ ಆತುರದಿಂದ ಹೋದ. ಪ್ರತಿ ಮನೆಯಲ್ಲೂ ಒಬ್ಬರು, ಒಂದೊಂದು ಚೌಕ ಅರ್ಥವಾಗದ ಅಕ್ಷರ. ಪಂಜರಗಳ ನಡುವೆ ಕೂತ ದಪ್ಪ ಹೆಂಗಸು: 'ಇವುಗಳ ಗಲಾಟೆ ಸಾಕಾಗಿದೆ ಕಣೇ, ನೀನಾದ್ರೂ ಎರಡು ಮಾತಾಡು.' ಬಾಗಿಲಿಗೆ ಬೆನ್ನು ಒತ್ತಿ ನಿಂತ ಹುಡುಗಿ: 'ಬೇಗ ಬಾಗಿಲು ಹಾಕು, ಗಾಳಿ.' ಅವನು ಬಾಗಿಲಾಚೆ ನಿಂತು ಕದ್ದು ಕೇಳಿದ ತುಂಡುಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಬಾಯಿಗೆ ಹೋಗಿ ಕೂತವು. ಈ ಊರಿನವರ ಮಾತನ್ನೆಲ್ಲ ಆಡುತ್ತಿದ್ದವಳು ಅವನ ಹೆಂಡತಿ. ಉತ್ತರ ಕೊಡುತ್ತಿದ್ದವಳೂ ಅವಳೇ.

ಕೆಲವರ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಮೂಲೆಮನೆಯ ಹೆಂಗಸೊಬ್ಬಳು ಎರಡು ಕುರ್ಚಿಗಳಲ್ಲಿ ಒಂದನ್ನು ತೋರಿಸಿ ಏನೋ ಕೇಳಿದಳು. ಅವಳಿಗೆ ತಾನೇ ಒಂದು ಮಾತು ಕೊಡೋಣವೆಂದು ಅವನು ಗಂಟಲು ಸರಿಮಾಡಿಕೊಂಡ. ಏನೂ ಹೊಳೆಯಲಿಲ್ಲ. ಕೀಲಿಯವಳ ಪರವಾಗಿ ಉತ್ತರವನ್ನಾದರೂ ಕೊಡಬೇಕೆಂದು, "ನೋಡೋಣ" ಎಂದ. ಚಿಕ್ಕ ಕೋಣೆಯಲ್ಲಿ ಅದು ವಿಚಿತ್ರವಾಗಿ ಕೇಳಿಸಿತು.

ಸೇತುವೆಗೆ ಮುಂಚಿನ ಕೊನೆಯ ಮನೆಯಲ್ಲಿ ಒಬ್ಬ ಗಂಡಸು ಮೇಜಿನ ಮೇಲೆ ಬಗ್ಗಿ ಏನೋ ಮಾಡುತ್ತಿದ್ದ. ಬಾಗಿಲು ತೆರೆದರೂ ತಲೆಯೆತ್ತಲಿಲ್ಲ. ಕೀಲಿಯವಳು ಹತ್ತಿರ ಹೋದಾಗ, ಬಗ್ಗಿಕೊಂಡೇ, ಬಾಯಿ ಒಮ್ಮೆ ಅಲುಗಿಸಿದ. ಚೌಕದಲ್ಲಿ ಬಂದದ್ದು ಒಂದೇ ಪದ.

ಆ ಮನುಷ್ಯನ ಬಾಯಿಗೆ ಹೆಂಡತಿ ಯಾವ ಮಾತು ಕೊಟ್ಟಿದ್ದಳೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದನ್ನೂ ಬಾಗಿಲಿನಾಚೆಯಿಂದ ಕೇಳಿದ್ದ, ದಪ್ಪ ಮಾಡಿಕೊಂಡ ದನಿಯಲ್ಲಿ. ಅಕ್ಕನಿಗೆ ತನ್ನನ್ನು ಅಣಕಿಸಿ ತೋರಿಸುತ್ತಿದ್ದಾಳೆ ಎಂದು ಆಗ ಸಿಟ್ಟು ಬಂದಿತ್ತು. ಆದರೂ ಅವಳು ಈ ಬಾಗಿಲನ್ನು ಬಿಟ್ಟು ಮುಂದೆ ಹೋಗಿರಲಿಲ್ಲ. ಪ್ರತಿ ಸಂಜೆ ಬಂದು, ಕೀಲಿ ಹಾಕಿ, ಒಳಗೆ ನಿಂತು, ಆ ಒಂದು ಪದ ಕೇಳಿಸಿಕೊಂಡು ಹೋಗುತ್ತಿದ್ದಳು. ಯಾಕೆ? ಕೇಳಬೇಕು. ಇವತ್ತೇ ಕೇಳಬೇಕು, ಅವಳು ಬಂದ ಕೂಡಲೇ. ಕೇಳಬೇಕು ಎನ್ನಿಸುವುದೇ ಅವನಿಗೆ ಹೊಸದಾಗಿತ್ತು. ಮೈಯಲ್ಲಿ ಸಣ್ಣ ಜ್ವರ ಬಂದಂತಾಯಿತು. ಬೆಳಿಗ್ಗೆ ಲೈಬ್ರರಿಗೆ ಹೇಳಿದ್ದು ನಿಜವಾಗುತ್ತಿದೆ ಎಂದುಕೊಂಡ.

ಕೀಲಿಯವಳನ್ನು ಸೇತುವೆಗೆ ಕರೆದೊಯ್ದ. ಮೊದಲ ಹೆಜ್ಜೆ. ಪೆಟ್ಟಿಗೆ ಒಳಗಿನಿಂದ ಕರಕರ ಎಂದಿತು. ಅವಳ ಕಾಲು ಗಾಳಿಯಲ್ಲಿ ನಿಂತಿತು. ಸಂಗೀತ ನಿಂತಿತು. ಅವನು "ಹೋಗು, ಹೋಗೇ ಮಾರಾಯ್ತಿ" ಎಂದ, ಗಟ್ಟಿಯಾಗಿ.

ಕಾಲು ಕೆಳಗಿಳಿಯಿತು. ಎರಡನೆಯ ಹೆಜ್ಜೆ. ಮೂರನೆಯದು. ಮಂಜು ಸರಿದು ಆಚೆ ದಡ ಕಂಡಿತು. ಅಲ್ಲಿ ಒಂದು ಮನೆ. ಒಂದೇ ಕಿಟಕಿ, ಒಳಗೆ ದೀಪ. ಕೀಲಿಯವಳು ಹೋಗಿ ಬಾಗಿಲ ಮುಂದೆ ನಿಂತು, ಗೊಂಚಲಿನಿಂದ ಇಷ್ಟು ಹೊತ್ತೂ ಬಳಸದ ಒಂದು ಕೀಲಿಯನ್ನು ಕೈಗೆ ತೆಗೆದುಕೊಂಡಳು.

ಅವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒಳಗೆ ಯಾರು? ಒತ್ತಿದರೆ ಗೊತ್ತಾಗುತ್ತದೆ.

ಇಲ್ಲ. ಇದು ಅವಳದು. ಅವಳು ತೆರೆಯಲಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಅವನು ಪೆಟ್ಟಿಗೆ ಆರಿಸಿದ. ಬಹಳ ದೊಡ್ಡ ತ್ಯಾಗ ಮಾಡಿದವನಂತೆ ಒಂದು ನಿಟ್ಟುಸಿರೂ ಬಿಟ್ಟ.

ಡಿಸ್ಕನ್ನು ತೆಗೆದು ಕವರಿಗೆ ಹಾಕುವಾಗ ಅದರ ಮೇಲ್ಮುಖ ಕಣ್ಣಿಗೆ ಬಿತ್ತು. ಬೆಳಿಗ್ಗೆಯಿಂದ ಅದನ್ನು ಮಕಾಡೆ ಮಲಗಿಸಿಯೇ ಕೆಲಸ ಮಾಡಿದ್ದ. ಮೇಲೆ ಬಣ್ಣದ ಚಿತ್ರ: ಬೀದಿ, ಸೇತುವೆ, ಉದ್ದ ಕೋಟು, ಕೀಲಿಗೊಂಚಲು. ಚಿತ್ರದಲ್ಲಿ ಅವಳು ಈ ಕಡೆಗೆ ತಿರುಗಿ ನಿಂತಿದ್ದಳು. ಪೆಟ್ಟಿಗೆಯೊಳಗೆ ಎಷ್ಟು ತಿರುಗಿಸಿದರೂ ಸಿಗದ ಮುಖ ಇಲ್ಲಿತ್ತು. ಆದರೆ ಸರಿಯಾಗಿ ಮುಖದ ಮೇಲೆ ಒಂದು ಬಿಳಿ ಚೀಟಿ, ಚೀಟಿಯ ಮೇಲೆ ದುಂಡನೆಯ ಅಂಕೆಗಳಲ್ಲಿ ಒಂದು ನಂಬರು. ಅವನದೇ ಅಕ್ಷರ.

ಅವಳು ಡಿಸ್ಕು ತಂದ ದಿನವೇ ಅಂಟಿಸಿದ್ದು.

"ಅವಳ ಮುಖದ ಮೇಲೇ ಅಂಟಿಸ್ಬೇಕಿತ್ತೇನ್ರೀ?"

"ಅಲ್ಲೇ ಜಾಗ ಇತ್ತು."

"ಹಾಗಾದ್ರೆ ನಂಗೂ ಒಂದು ಅಂಟಿಸಿಬಿಡಿ. ಕಳೆದುಹೋದ್ರೆ ಸಿಗ್ತೀನಿ."

ಇಬ್ಬರೂ ನಕ್ಕಿದ್ದರು. ಅವಳು ನಕ್ಕಿದ್ದಳೇ? ಈಗ ಎಷ್ಟು ನೆನಪು ಮಾಡಿಕೊಂಡರೂ ತನ್ನ ನಗು ಮಾತ್ರ ಕೇಳಿಸುತ್ತಿತ್ತು.

ಸಂಜೆಗೆ ಇನ್ನೂ ಹೊತ್ತಿತ್ತು. ಗೀರು ತೆಗೆದಾಯಿತು, ಇದನ್ನೂ ತೆಗೆದುಬಿಟ್ಟರೆ? ಅವಳ ವಸ್ತು ಅವಳಿಗೆ ನಂಬರಿಲ್ಲದೆ ಹೋಗಲಿ. ಇದು ಅವನ ಒಳ್ಳೆಯತನದ ಮಾತು. ಅದರ ಕೆಳಗೆ ಇನ್ನೊಂದು ಇತ್ತು: ಆ ಮುಖ ಹೇಗಿದೆ ಎಂದು ನೋಡದೆ ಅವನಿಂದ ಇನ್ನು ಒಂದು ಕ್ಷಣವೂ ಇರಲಾಗುತ್ತಿರಲಿಲ್ಲ.

ಚೀಟಿ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಪ್ಪು ನಂಬರು ಬಿದ್ದ ಹಳೇ ಪುಸ್ತಕಗಳಿಂದ, ರಟ್ಟಿನ ಒಂದು ನೂಲೂ ಏಳದ ಹಾಗೆ ಚೀಟಿ ತೆಗೆದಿದ್ದ. ಒದ್ದೆ ಹತ್ತಿ ಇಟ್ಟು ಕಾಯಬೇಕು, ಅವಸರ ಮಾಡಬಾರದು. ಅಂಟು ಮೆತ್ತಗಾದ ಮೇಲೆ ರಟ್ಟು ಕಟ್ಟುವವರು ಬಳಸುವ ತೆಳು ಮೂಳೆಪಟ್ಟಿಯನ್ನು ಮೂಲೆಯಿಂದ ತೂರಿಸಬೇಕು. ಹಾಗೇ ಮಾಡಿದ. ಮೂಲೆ ಎದ್ದಿತು. ಎರಡು ಬೆರಳಲ್ಲಿ ಹಿಡಿದು, ಮಲಗಿದ ಮಗುವಿನ ಹೊದಿಕೆ ಸರಿಸುವವನಂತೆ, ನಿಧಾನವಾಗಿ ಹಿಂದಕ್ಕೆ ಎಳೆದ. ಚೀಟಿ ಒಂದೇ ತುಂಡಾಗಿ, ಎಲ್ಲೂ ಹರಿಯದೆ ಬಂತು. ಭೇಷ್ ಎಂದುಕೊಂಡ.

ಚೀಟಿ ಇದ್ದಲ್ಲಿ ಟವೆಲ್ಲಿನ ದಾರಗಳು ಕಂಡವು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಡಿಸ್ಕು ಎತ್ತಿದ. ಮೇಜು ಕಂಡಿತು. ಕಿಟಕಿಯ ಕಡೆ ಹಿಡಿದ. ಕಿಟಕಿ ಕಂಡಿತು. ಚೌಕನೆಯ, ಅಂಚು ಒಂದಿಷ್ಟೂ ಕಿತ್ತುಹೋಗದ, ಅವನ ಚೀಟಿಯ ಅಳತೆಗೆ ಸರಿಯಾಗಿ ಒಂದು ಕಿಂಡಿ. ಚೀಟಿಯನ್ನು ತಿರುಗಿಸಿ ನೋಡಿದ. ಅದರ ಬೆನ್ನಿಗೆ ಬೆಳ್ಳಿಯ ಪೊರೆ ಅಂಟಿಕೊಂಡು ಬಂದಿತ್ತು. 'ಮುಖ?' ಮುಖ ಕಾಗದಕ್ಕೂ ಬೆಳ್ಳಿಗೂ ನಡುವೆ ಸಿಕ್ಕಿಕೊಂಡಿತ್ತು. ಬೆಳ್ಳಿಯಲ್ಲಿ ಅವನ ಕಣ್ಣೇ ಅವನಿಗೆ ಕಾಣಿಸಿತು, ದೊಡ್ಡದಾಗಿ, ಪೆದ್ದುಪೆದ್ದಾಗಿ.

ಪುಸ್ತಕದಲ್ಲಿ ರಟ್ಟು ಬೇರೆ, ಬರಹ ಬೇರೆ. ರಟ್ಟಿಗೆ ಏನು ಮಾಡಿದರೂ ಒಳಗಿನ ಒಂದಕ್ಷರ ಕೆಡುವುದಿಲ್ಲ. ಅವನ ಕೈಗಳಿಗೆ ಗೊತ್ತಿದ್ದದ್ದು ಅಷ್ಟು. ಇದರಲ್ಲಿ ಬರಹವಿದ್ದದ್ದೇ ಚಿತ್ರದ ಬೆನ್ನಿಗೆ, ಉಗುರಿಗೂ ಸಿಗದಷ್ಟು ತೆಳ್ಳಗೆ. ಬೆಳಿಗ್ಗೆಯಿಂದ ಅವನು ತಿಕ್ಕಿ ತೊಳೆದದ್ದು ಬರೀ ಗಾಜಿನಂಥ ಹೊದಿಕೆಯನ್ನು.

ಆದರೂ ಓಡಿಹೋಗಿ ಪೆಟ್ಟಿಗೆಗೆ ಹಾಕಿದ. ಅದು ಸುತ್ತಿತು, ಸುತ್ತಿತು. ಪರದೆ ಕಪ್ಪಾಗಿಯೇ ಉಳಿಯಿತು. ತೆಗೆದು, ಒರೆಸಿ, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿ, ಮತ್ತೆ ಹಾಕಿದ. ಕಪ್ಪು. ಊಟದ ಮೇಜಿಗೆ ತಂದು, ಚೀಟಿಯನ್ನು ಕಿಂಡಿಯ ಮೇಲೆ ಅಳತೆಗೆ ಸರಿಯಾಗಿ ಇಟ್ಟು ಒತ್ತಿದ. ಒದ್ದೆ ಕಾಗದ ಜಾರಿ ಹೆಬ್ಬೆರಳಿಗೆ ಅಂಟಿತು. ಗೋಂದಿನ ಬಾಟಲಿ ತಂದು ಮುಚ್ಚಳ ತೆಗೆದ. ಊರಿಗೆಲ್ಲ ಗೋಂದು ಸಾರ್, ಈಗ ತನಗೆ ಬೇಕಾದಾಗ ಅದು ಯಾವ ಪ್ರಯೋಜನಕ್ಕೂ ಬಾರದು ಎಂದು ಗೊತ್ತಿದ್ದೂ ತೆಗೆದ. ಆಗ ಕೆಳಗೆ ಗೇಟಿನ ಸದ್ದಾಯಿತು.

"ಬಂದ್ರಾ? ಬನ್ನಿ ಬನ್ನಿ!" ಓನರಮ್ಮನ ದನಿ ಮೆಟ್ಟಿಲ ತುಂಬಾ ಹರಡಿತು. "ಈಗ ನಿಮ್ಮ ಮಂಡಿ ಹೇಗಿದೆಯಮ್ಮ?"

"ಯಾವ ಮಂಡಿ?" ಹೆಂಡತಿಯ ಅಕ್ಕ ಧಡಧಡನೆ ಮೆಟ್ಟಿಲು ಹತ್ತುತ್ತಿದ್ದಳು.

"ಅಥವಾ ಬೆನ್ನು?"

"ನಂಗೇನಾಗಿದೆ ರೋಗ, ಗಟ್ಟಿಮುಟ್ಟಾಗಿದೀನಿ!"

ಅವನು ಬಾಗಿಲು ತೆರೆದ. ಅಕ್ಕ ಅವನ ಕಡೆ ನೋಡದೆ ಒಳಗೆ ಬಂದು, ಹೊಲಿಗೆ ಮಷೀನು ಎಲ್ಲಿದೆ ಎಂದು ಕಣ್ಣಾಡಿಸಿದಳು. ಹಿಂದೆ ಅವಳು. ಸ್ವಲ್ಪ ತೆಳ್ಳಗಾಗಿದ್ದಳು, ಅಥವಾ ಅವನು ಬಹಳ ದಿನದ ಮೇಲೆ ನೋಡುತ್ತಿದ್ದ. ಊಟದ ಮೇಜಿನ ಹತ್ತಿರ ನಿಂತಳು. ಟವೆಲ್ಲು, ಬಟ್ಟಲು, ಕನ್ನಡಕದ ಬಟ್ಟೆ.

"ಏನ್ರೀ ಇದು, ಟೂತ್‌ಪೇಸ್ಟ್ ವಾಸ್ನೆ?"

ರೀ ಎಂದಳು.

"ಗೀರು..." ಎಂದ.

"ತೆಗೆದ್ರಾ?" ಅವಳ ಹುಬ್ಬು ಮೇಲಕ್ಕೆ ಹೋಯಿತು. "ನೀವು? ನಿಜವಾಗ್ಲೂ?"

"ಹೂಂ."

"ಸೇತುವೆ ದಾಟಿತಾ?"

"ದಾಟ್ತು."

"ದಾಟಿತಾ!" ಅವಳು ಬ್ಯಾಗನ್ನು ಕುರ್ಚಿಯ ಮೇಲೆ ಇಟ್ಟಳು. "ಆ ಕಡೆ ಏನಿದೆ? ಬೇಡ, ಬೇಡ, ಹೇಳ್ಬೇಡಿ."

"ಒಂದು ಮನೆ. ನಾನು ಬಾಗಿಲು ತೆಗೀಲಿಲ್ಲ. ನೀನೇ ತೆಗೀಲಿ ಅಂತ."

ಅವಳು ಅವನನ್ನು ನೋಡಿದಳು. ಅಷ್ಟು ಹೊತ್ತು ನೋಡುವಂಥದ್ದು ಅವನ ಮುಖದಲ್ಲಿ ಏನೂ ಇರಲಿಲ್ಲ, ಆದರೂ ನೋಡಿದಳು. ಆಮೇಲೆ ಚಿಕ್ಕ ಕೋಣೆಯ ಕಡೆಗೆ ತಿರುಗಿ, "ಅಕ್ಕಾ, ಮಷೀನು ಆಮೇಲೆ ಎತ್ತೋಣ. ಸ್ವಲ್ಪ ಹೊತ್ತು ಕೂತ್ಕೊ" ಎಂದಳು.

"ಇನ್ನೂ ಎಷ್ಟೊತ್ತೇ?" ಎಂದಳು ಅಕ್ಕ.

"ಇವ್ರು ಕಾಫಿ ಮಾಡ್ತಾರೆ, ಕುಡಿ. ಎಲ್ರೀ ಅದು, ಕೊಡಿ ಇಲ್ಲಿ. ಹಾಕಿ ನೋಡೋಣ."

ಹೇಳಬೇಕು ಎಂದುಕೊಂಡ. ಬೆಳಿಗ್ಗೆಯಿಂದ ಕೂಡಿಟ್ಟ ಎಷ್ಟೋ ಪ್ರಶ್ನೆಗಳಿದ್ದವು, ಒಲೆಯ ಪಕ್ಕದ ಮುದುಕನ ಬಗ್ಗೆ, ಎರಡು ಕುರ್ಚಿಯ ಹೆಂಗಸಿನ ಬಗ್ಗೆ, ಬಗ್ಗಿ ಕೂತವನ ಬಾಗಿಲನ್ನು ಅವಳು ಯಾಕೆ ಬಿಡದೆ ತೆರೆಯುತ್ತಿದ್ದಳು ಎಂಬುದರ ಬಗ್ಗೆ. ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಕೈ ಚಾಚಿ ಗೋಂದಿನ ಬಾಟಲಿಯ ಪಕ್ಕದಿಂದ ಡಿಸ್ಕನ್ನು ಎತ್ತಿಕೊಂಡಿದ್ದಳು. ಅವನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಅವಳು ಡಿಸ್ಕನ್ನು ಹೊಳಪಿನ ಕಡೆ ತನ್ನತ್ತ ಮಾಡಿಕೊಂಡು, ಅಂಚು ಮಾತ್ರ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿದಳು. ಗೀರು ಹುಡುಕುತ್ತಿದ್ದಳು. ಗೀರು ಎಲ್ಲೂ ಇರಲಿಲ್ಲ. ಚಿತ್ರದ ಕಡೆ ಅವನಿಗೆ ಎದುರಾಗಿತ್ತು: ಉದ್ದ ಕೋಟು, ಕೀಲಿಗೊಂಚಲು, ಮುಖವಿದ್ದಲ್ಲಿ ಚೌಕ ಕಿಂಡಿ. ಡಿಸ್ಕು ನಿಧಾನವಾಗಿ ತಿರುಗುತ್ತ ಬಂದು ನಿಂತಿತು. ಕಿಂಡಿಯಲ್ಲಿ ಅವನ ಹೆಂಡತಿಯ ಕಣ್ಣು ಕಾಣಿಸಿತು, ಅಗಲವಾಗಿ ತೆರೆದು, ಒಳಗೆ ಯಾರಿದ್ದಾರೆ ಎಂದು ನೋಡುವ ಹಾಗೆ ಅವನನ್ನೇ ನೋಡುತ್ತ.

ಬೆನ್ನ ಹಿಂದೆ ಅವನು ಹೆಬ್ಬೆರಳಿಗೆ ಅಂಟಿದ್ದ ಚೀಟಿಯನ್ನು ತೋರುಬೆರಳಿನಿಂದ ತಳ್ಳಿದ. ಅದು ತೋರುಬೆರಳಿಗೆ ಅಂಟಿಕೊಂಡಿತು.